ಕೊಲೊರಾಡೊ ಒಂದು ವರ್ಷ ತಡವಾಗಿ ರಾಜ್ಯವಾಗಿದ್ದರೆ?

ಅಮೆರಿಕದ ಇತಿಹಾಸದಲ್ಲಿ 'ಹೀಗಾಗಿದ್ದರೆ ಏನಾಗ್ತಿತ್ತು' ಅನ್ನೋ ಮಾತು ಬಂದರೆ ಎಲ್ಲರೂ ಯುದ್ಧದ ಕಡೆಗೇ ಹೋಗುತ್ತಾರೆ. ದಕ್ಷಿಣದವರು ಅಂತರ್ಯುದ್ಧ ಗೆದ್ದಿದ್ದರೆ, ನೆಪೋಲಿಯನ್ 1803ರಲ್ಲಿ ಲೂಸಿಯಾನಾ ಮಾರದೇ ಇದ್ದಿದ್ದರೆ, ಹೀಗೆ. ನನ್ನನ್ನು ಜಾಸ್ತಿ ಕಾಡುವುದು ಒಂದು ತಾರೀಖು. 1876ರ ಆಗಸ್ಟ್ 1. ಅವತ್ತು ಕೊಲೊರಾಡೊ ರಾಜ್ಯವಾಯಿತು.

ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ. ಕೊಲೊರಾಡೊದಲ್ಲಿ ಅದಕ್ಕೆ ಜನರ ಮತದಾನವೇ ನಡೆಯಲಿಲ್ಲ. ಶಾಸನಸಭೆಯೇ ಮೂವರು ಎಲೆಕ್ಟರ್‌ಗಳನ್ನು ಆರಿಸಿ ಕಳಿಸಿತು. ಅಲ್ಲಿ ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯಗಳು ಕಳಿಸುವ ಈ ಎಲೆಕ್ಟರ್‌ಗಳ ಓಟೇ. ಮೂರೂ ಓಟು ರಿಪಬ್ಲಿಕನ್ ಹೇಯ್ಸ್‌ಗೆ. ದೇಶದಲ್ಲಿ ಜನರ ಓಟು ಜಾಸ್ತಿ ಬಿದ್ದಿದ್ದು ಡೆಮಾಕ್ರಟ್ ಟಿಲ್ಡನ್‌ಗೆ. ಫ್ಲಾರಿಡಾ, ಲೂಸಿಯಾನಾ, ದಕ್ಷಿಣ ಕೆರೊಲಿನಾದ ಎಣಿಕೆಯ ಜಗಳವೆಲ್ಲ ಮುಗಿದ ಮೇಲೆ ಎಲೆಕ್ಟರ್‌ಗಳ ಲೆಕ್ಕ ನಿಂತಿದ್ದು ಹೇಯ್ಸ್‌ಗೆ 185, ಟಿಲ್ಡನ್‌ಗೆ 184ಕ್ಕೆ. ಕೊಲೊರಾಡೊದ ಮೂರನ್ನು ತೆಗೆದು ನೋಡಿ. ಒಟ್ಟು 366, ಬಹುಮತಕ್ಕೆ 184 ಬೇಕು, ಟಿಲ್ಡನ್ ಕೈಯಲ್ಲಿ ಸರಿಯಾಗಿ ಅಷ್ಟೇ ಇತ್ತು!

ಟಿಲ್ಡನ್ ಗೆದ್ದಿದ್ದರೆ ದಕ್ಷಿಣದ ಕಪ್ಪು ಜನರಿಗೆ ಒಳ್ಳೆಯದಾಗ್ತಿತ್ತು ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಬಿಳಿಯರ ಪಕ್ಷವೇ ಅವರದ್ದು. ಗೆದ್ದ ಹೇಯ್ಸ್ ಕೂಡ 1877ರಲ್ಲಿ ಕಾವಲಿಗಿದ್ದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡರು, ಆಮೇಲಿನ ವರ್ಷಗಳಲ್ಲಿ ದಕ್ಷಿಣದ ಬಿಳಿಯರು ಕಪ್ಪು ಜನರ ಓಟನ್ನು ಒಂದೊಂದೇ ನೆಪ ಹೇಳಿ ಕಿತ್ತುಕೊಂಡರು. ನನ್ನ ಮಾತು ಬೇರೆ. ಹೊಸ ನೆಲ ಯಾವಾಗ ರಾಜ್ಯವಾಗಬೇಕು, ಎಷ್ಟು ತುಂಡಾಗಬೇಕು ಅನ್ನುವುದನ್ನು ತೀರ್ಮಾನ ಮಾಡುವವರೇ ಚುನಾವಣೆಯನ್ನೂ ಅರ್ಧ ತೀರ್ಮಾನ ಮಾಡಿರುತ್ತಾರೆ.

ಡಕೋಟಾ ನೋಡಿ. 1889ರಲ್ಲಿ ಅದನ್ನು ಎರಡು ರಾಜ್ಯ ಮಾಡಿದರು. ದಕ್ಷಿಣ ಭಾಗದವರಿಗೂ ಬೇರೆ ಆಗಬೇಕು ಅಂತಿತ್ತು ನಿಜ, ಆದರೆ ವಾಷಿಂಗ್ಟನ್ನಿನ ರಿಪಬ್ಲಿಕನ್ನರ ಕಣ್ಣು ಇದ್ದಿದ್ದು ಎರಡರ ಬದಲು ನಾಲ್ಕು ಸೆನೆಟರ್‌ಗಳ ಮೇಲೆ; ಚಿಕ್ಕದಿರಲಿ ದೊಡ್ಡದಿರಲಿ, ಒಂದು ರಾಜ್ಯಕ್ಕೆ ಇಬ್ಬರು ಸೆನೆಟರ್‌ಗಳು. ಯಾವುದು ಮೊದಲು ಅನ್ನೋ ಜಗಳ ಬೇಡ ಅಂತ ಅಧ್ಯಕ್ಷ ಹ್ಯಾರಿಸನ್ ಎರಡೂ ಕಾಗದದ ಹೆಸರು ಮುಚ್ಚಿಸಿ, ಹಿಂದೆಮುಂದೆ ಮಾಡಿ ಸಹಿ ಹಾಕಿದರು. ಯಾವುದಕ್ಕೆ ಮೊದಲು ಸಹಿ ಬಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. 1890ರ ಜನಗಣತಿಯಲ್ಲಿ ಉತ್ತರ ಡಕೋಟಾದಲ್ಲಿ ಇದ್ದಿದ್ದು ಎರಡು ಲಕ್ಷಕ್ಕೂ ಕಡಿಮೆ ಜನ.

ಇದಾಗಿ ಒಂಬತ್ತೇ ವರ್ಷಕ್ಕೆ, 1898ರಲ್ಲಿ, ಸ್ಪೇನ್ ಕೈಯಿಂದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ ಸಿಕ್ಕಿತು. ಮರುವರ್ಷದ ಗಣತಿಯಲ್ಲಿ ಅಲ್ಲಿ ಒಂಬತ್ತೂವರೆ ಲಕ್ಷ ಜನ. ಡಕೋಟಾಕ್ಕೆ ಸಿಕ್ಕ ಮರ್ಯಾದೆ ಇದಕ್ಕೂ ಸಿಕ್ಕಿದ್ದರೆ? ಸಿಗಲಿಲ್ಲ. ಇದು ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ ಅನ್ನೋ ಅರ್ಥದ ತೀರ್ಪು 1901ರಲ್ಲಿ ಸುಪ್ರೀಂ ಕೋರ್ಟಿನಿಂದಲೇ ಬಂತು. ಅಲ್ಲಿನವರು ಬೇರೆ ಜನಾಂಗದವರು, ಅವರ ಆಚಾರವೇ ಬೇರೆ ಅನ್ನೋ ಮಾತೂ ಅದರಲ್ಲಿದೆ. ಓದಿದರೆ ಮೈ ಉರಿಯುತ್ತದೆ.

1917ರಿಂದ ಅವರೆಲ್ಲ ಅಮೆರಿಕದ ನಾಗರಿಕರು. ಇವತ್ತು 30 ಲಕ್ಷಕ್ಕೂ ಜಾಸ್ತಿ ಜನ. ಆದರೂ ಅಧ್ಯಕ್ಷರನ್ನು ಆರಿಸೋ ಚುನಾವಣೆಯಲ್ಲಿ ಓಟಿಲ್ಲ, ಸೆನೆಟಿನಲ್ಲಿ ಒಬ್ಬರೂ ಇಲ್ಲ. ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೆ ಇಬ್ಬರು! ಪೋರ್ಟೊ ರಿಕೊದ ರಾಜಧಾನಿ ಸಾನ್ ವಾನ್‌ನಿಂದ ಫ್ಲಾರಿಡಾದ ಒರ್ಲ್ಯಾಂಡೊಗೆ ಮನೆ ಬದಲಾಯಿಸಿದರೆ ಆ ಓಟು ಬರುತ್ತದೆ, ವಾಪಸ್ ಬಂದು ನೆಲೆಸಿದರೆ ಹೋಗುತ್ತದೆ. ಅದೇ ಮನುಷ್ಯ, ಅದೇ ಪಾಸ್‌ಪೋರ್ಟ್. ರಾಜ್ಯ ಬೇಕೋ, ಸ್ವಾತಂತ್ರ್ಯ ಬೇಕೋ, ಅದು ಅಲ್ಲಿನ ಜನರ ಇಷ್ಟ. ಅವರು ಏನು ಹೇಳುತ್ತಾರೋ ಅದನ್ನು ಮಾಡಿಯೇ ತೀರುತ್ತೇವೆ ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮೊದಲು ಕಾನೂನು ಮಾಡಲಿ.