ಷಡ್ಡಕ ತಂದ ಮರುಭೂಮಿ

ಗಂಡಸರ ಸೆಂಟಿನ ಡಬ್ಬಿಗಳನ್ನು ಓದಿದರೆ ಲೋಕದಲ್ಲಿ ಗೃಹಸ್ಥರೇ ಇಲ್ಲವೇನೋ ಅನ್ನಿಸುತ್ತದೆ. ಒಬ್ಬ ಕಡಲು, ಇನ್ನೊಬ್ಬ ಕಾಡು, ಮತ್ತೊಬ್ಬ ಚರ್ಮ ಮತ್ತು ಹೊಗೆ. ಎಲ್ಲರೂ ಅಂಕೆಗೆ ಸಿಗದವರು. ತಾರೀಕು ಮೀರದೆ ಕರೆಂಟ್ ಬಿಲ್ ಕಟ್ಟುವವನಿಗೆ, ಸಂಜೆ ಮರೆಯದೆ ಕೊತ್ತಂಬರಿ ಸೊಪ್ಪು ತರುವವನಿಗೆ ಒಪ್ಪುವ ಸೆಂಟನ್ನು ಯಾರೂ ಮಾಡಿದಂತಿಲ್ಲ. ಮಾಡಿದರೆ ಗಿರಾಕಿಗಳಿಗೇನು ಬರವಿಲ್ಲ.

ದುಬೈನಲ್ಲಿರುವ ನನ್ನ ಷಡ್ಡಕ ಈ ಸಲ ರಜೆಗೆ ಬಂದಾಗ ಡಿಯೋರ್ ಕಂಪನಿಯ ‘ಸೊವಾಜ್’ ತಂದುಕೊಟ್ಟ. ಹೋದ ಸಲ ಖರ್ಜೂರ ತಂದಿದ್ದ. ಅದರಿಂದ ಯಾರ ವ್ಯಕ್ತಿತ್ವಕ್ಕೂ ಧಕ್ಕೆಯಾಗಿರಲಿಲ್ಲ. “ಹಾಕ್ಕೊಂಡು ನೋಡಿ ಭಾವ, ನಿಮ್ಮ ಪರ್ಸನಾಲಿಟಿನೇ ಬದಲಾಗುತ್ತೆ” ಎಂದ. ಇರುವುದರಲ್ಲಿ ಏನು ಕೊರತೆ ಕಂಡನೋ, ನಾನು ಕೇಳಲಿಲ್ಲ.

2015ರಲ್ಲಿ ಈ ಸೆಂಟು ಬಂದಾಗಿನ ಜಾಹೀರಾತನ್ನೂ ಮೊಬೈಲಿನಲ್ಲಿ ತೋರಿಸಿದ. ಹಾಲಿವುಡ್ಡಿನ ಜಾನಿ ಡೆಪ್ ಊರು ಬಿಟ್ಟು, ಕಾರು ಹತ್ತಿ ಮರುಭೂಮಿಗೆ ಹೋಗುತ್ತಾನೆ. ಅಲ್ಲಿ ಗುಂಡಿ ತೋಡಿ, ಮೈಮೇಲಿನ ಒಡವೆ ಬಿಚ್ಚಿ ಅದರಲ್ಲಿ ಹೂಳುತ್ತಾನೆ. ಬಂಧನ ಕಳಚಿಕೊಂಡ ಗಂಡಸು ಅಂತ ಅದರ ಭಾವವಂತೆ. ನನ್ನ ಹೆಂಡತಿ ಅದನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದಳು.

“ಚಿನ್ನ ಈ ರೇಟಿಗೆ ಹೋಗಿರೋವಾಗ ಮಣ್ಣಲ್ಲಿ ಹೂಳ್ತಾನಲ್ರೀ! ಅವನ ಮನೇಲಿ ಕೇಳೋರು ಯಾರೂ ಇಲ್ವಾ?” ಎಂದವಳು, ನನ್ನ ಕಡೆ ತಿರುಗಿ, “ನೀವಂತೂ ಇದನ್ನ ಹಾಕ್ಕೊಂಡು ಲಾಕರ್ ಹತ್ರ ಹೋಗ್ಬೇಡಿ” ಅಂದಳು.

ಮರುದಿನ ಹಾಕಿಕೊಂಡು ಹೊರಟೆ. ಹಾಲಿನಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ಥಟ್ಟನೆ ತಲೆಯೆತ್ತಿದರು. ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, “ಜ್ವರ ಏನೋ?” ಎಂದರು.

ನಾವು ಚಿಕ್ಕವರಿದ್ದಾಗ ಜ್ವರ ಏರಿದರೆ ನೀರಿಗೆ ಯುಡಿಕೊಲೋನ್ ಎಂಬ ಸೆಂಟಿನ ನೀರು ಬೆರೆಸಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಅಮ್ಮನ ಮಟ್ಟಿಗೆ ಆ ವಾಸನೆ ಎಂದರೆ ಥರ್ಮಾಮೀಟರು, ಗಂಜಿ, ರಜಾಚೀಟಿ. ಅವರ ಮೂಗು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಜರ್ಮನಿಯ ಕಲೋನ್ ಊರಿನಲ್ಲಿ ಇಟಲಿಯಿಂದ ಬಂದ ಫಾರಿನಾ ಮನೆತನದವರು 1709ರಲ್ಲಿ ಅಂಗಡಿ ತೆರೆದು ಮಾರಿದ ಆ ನೀರಿಗೆ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆಯೇ ಜೀವ. ಸೊವಾಜ್ ಹೊಡೆದ ಕೂಡಲೇ ಮೇಲೇಳುವುದೂ ಅದೇ ಬರ್ಗಮಾಟ್. ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ, ನಮ್ಮ ನಿಂಬೆ, ಹೇರಳೆಯ ದಾಯಾದಿ. ಮುನ್ನೂರು ವರ್ಷದಲ್ಲಿ ಗಂಡಸು ಜ್ವರದ ಹಾಸಿಗೆಯಿಂದ ಎದ್ದು ಮರುಭೂಮಿಗೆ ಹೋಗಿದ್ದಾನೆ, ಅಷ್ಟೆ.

ಹಣ್ಣಿನ ವಾಸನೆ ಹಗುರ, ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಹಾರಿಹೋಗುತ್ತದೆ. ಭಾರದ್ದು ಹಿಂದೆ ಉಳಿದು ಸಂಜೆಯವರೆಗೂ ಊರಿಗೆಲ್ಲ ಹೊಡೆಯುತ್ತದೆ, ಹಾಕಿಕೊಂಡವನೊಬ್ಬನನ್ನು ಬಿಟ್ಟು. ಒಂದೇ ವಾಸನೆ ಕೆಲವು ನಿಮಿಷ ಎಡೆಬಿಡದೆ ಬಂದರೆ ಮೂಗು ಅದನ್ನು ಹಳೇ ಗಂಡನ ಮಾತಿನ ಹಾಗೆ ಕಿವಿಗೇ ಹಾಕಿಕೊಳ್ಳುವುದಿಲ್ಲ. “ಏನೂ ಬರ್ತಾನೇ ಇಲ್ವಲ್ಲ” ಎಂದು ನಾವು ಇನ್ನೆರಡು ಸಲ ಪುಸ್ ಅನ್ನಿಸುತ್ತೇವೆ. ವ್ಯಕ್ತಿತ್ವ ನಮ್ಮದು, ಅನುಭವಿಸುವವರು ಪಕ್ಕದವರು. ನಮ್ಮ ಲಿಫ್ಟಿನಲ್ಲಿ ಮೂರನೇ ಮಹಡಿಯ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು, “ಯಾರ ಮನೇಲಪ್ಪಾ ತಿಗಣೆಗೆ ಹೊಡೆಸಿದ್ದು?” ಎಂದು ನನ್ನನ್ನೇ ಕೇಳಿದರು.

ಆಫೀಸಿನಲ್ಲಿ ಪಕ್ಕದ ಸೀಟಿನವರು ದನಿ ತಗ್ಗಿಸಿ, “ಏನ್ ಸಾರ್, ಇಂಟರ್‌ವ್ಯೂನಾ?” ಎಂದರು. ಇಲ್ಲ ಅಂದೆ. ಇಲ್ಲ ಅಂದದ್ದೇ ಪುರಾವೆಯಾಯಿತು. ಊಟದ ಹೊತ್ತಿಗೆ ಸುದ್ದಿ ಮ್ಯಾನೇಜರ್ ತನಕ ಹೋಗಿ, ಅವರು ಒಳಗೆ ಕರೆದು, ಕೂರಿಸಿ, ಕಾಫಿ ತರಿಸಿದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಆ ಕೋಣೆಯ ಕಾಫಿಯ ರುಚಿ ನನಗೆ ಗೊತ್ತಿರಲಿಲ್ಲ. “ಏನಾದ್ರೂ ಬೇಜಾರಿದ್ರೆ ಮನಸ್ಸಲ್ಲಿ ಇಟ್ಕೋಬೇಡಿ. ಇನ್‌ಕ್ರಿಮೆಂಟ್ ವಿಷಯ...” ಎಂದು ಶುರುಮಾಡಿದರು. ಅಷ್ಟರಲ್ಲಿ ಅವರಿಗೆ ಸೀನು ಹತ್ತಿತು. ಒಂದರ ಹಿಂದೆ ಒಂದು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡೇ ಹೊರಗೆ ಹೋಗಿ ಎಂದು ಸನ್ನೆ ಮಾಡಿದರು. ಆ ಮಾತು ಇವತ್ತಿನವರೆಗೂ ಮುಂದುವರಿದಿಲ್ಲ.

ಅಪ್ಪನ ಪ್ರಕಾರ ಇದೆಲ್ಲ ಬೇಕಾಗಿಯೇ ಇಲ್ಲ. ಮೊದಲನೇ ಮಹಾಯುದ್ಧದಲ್ಲಿ ನಮ್ಮ ಗಂಧದ ಮರ ಯುರೋಪಿಗೆ ಹೋಗದೆ ಉಳಿದಾಗ ಮಹಾರಾಜರು 1916ರಲ್ಲಿ ಎಣ್ಣೆ ತೆಗೆಸಿದರು, 1918ಕ್ಕೆ ಮೈಸೂರ್ ಸ್ಯಾಂಡಲ್ ಸೋಪು ಬಂತು, ಗಂಡಸರ ವಾಸನೆಯ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು ಎಂಬುದು ಅವರ ವಾದ. ಸತ್ಯನಾರಾಯಣ ಪೂಜೆಯ ದಿನ ಮಡಿಪಂಚೆ ಉಟ್ಟು, ಶಲ್ಯಕ್ಕೆ ಒಂದಿಷ್ಟು ಹೊಡೆದುಕೊಂಡು ಬಂದ ನನ್ನನ್ನು ಅವರು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದರು. ಶಾಸ್ತ್ರಿಗಳು ಮಾತ್ರ ಸಂಕಲ್ಪದ ನಡುವೆ ನಿಂತು, “ಏನ್ ಪರಿಮಳ ಯಜಮಾನ್ರೇ! ಏನು ಹಾಕಿದಾರೆ ಇದ್ರಲ್ಲಿ?” ಎಂದರು.

ಪಿಯುಸಿ ಓದುವ ಮಗಳು ಫೋನು ತೆಗೆದಳು. “ಆಂಬ್ರೋಕ್ಸಾನ್ ಅಂತೆ. ಆಂಬರ್‌ಗ್ರಿಸ್ ವಾಸನೆ ಬರೋದು. ಆಂಬರ್‌ಗ್ರಿಸ್ ಅಂದ್ರೆ ತಿಮಿಂಗಿಲದ ಕರುಳಲ್ಲಿ...”

ಅಪ್ಪ ಎದ್ದೇಬಿಟ್ಟರು. “ನಡಿ ಬಚ್ಚಲಿಗೆ. ತಲೆ ಮೇಲೆ ಸುರ್ಕೊಂಡು ಬಾ.”

ಕೈಯಲ್ಲಿ ಅಕ್ಷತೆ, ಎದುರಿಗೆ ಕಲಶ, ಒಲೆ ಮೇಲೆ ಸಪಾದ. ಹೆಂಡತಿ ಅಡುಗೆಮನೆಯಿಂದ, “ರವೆ ತಳ ಹಿಡೀತಿದೆ, ಬೇಗ ತೀರ್ಮಾನ ಮಾಡಿ” ಎಂದು ಕೂಗಿದಳು.

ಮಗಳು ಇನ್ನಷ್ಟು ಕೆಳಗೆ ಓದಿದಳು. “ತಾತ, ನಿಲ್ಲಿ. ಈಗ ಅದನ್ನ ತಿಮಿಂಗಿಲದಿಂದ ತೆಗೆಯಲ್ವಂತೆ. ಕ್ಲಾರಿ ಸೇಜ್ ಅನ್ನೋ ಗಿಡದ ಸತ್ವದಿಂದ ಮಾಡ್ತಾರಂತೆ. ಅದು ತುಳಸಿ ಕುಟುಂಬದ್ದೇ ಗಿಡ.”

“ತುಳಸಿ ಅಂದಮೇಲೆ ದೋಷವಿಲ್ಲ” ಎಂದರು ಶಾಸ್ತ್ರಿಗಳು. “ಆಚಮನ ಮಾಡಿ, ಮುಂದಕ್ಕೆ ಹೋಗೋಣ.”

ಹೊರಡುವಾಗ ಅವರು ಬಾಗಿಲ ಬಳಿ ನನ್ನನ್ನು ಪಕ್ಕಕ್ಕೆ ಕರೆದರು. “ಎಲ್ಲಿ ಸಿಗುತ್ತೆ ಇದು? ನಮ್ಮ ಹುಡುಗನಿಗೆ ಹೆಣ್ಣು ನೋಡ್ತಾ ಇದೀವಿ. ಬರೀ ಪೌರೋಹಿತ್ಯ ಅಂದ್ರೆ ಯಾರೂ ಒಪ್ತಿಲ್ಲ.”

ಬೆಲೆ ಹೇಳಿದೆ. ಅವರು ಕೈಯಲ್ಲಿದ್ದ ದಕ್ಷಿಣೆಯನ್ನು ಒಮ್ಮೆ ನೋಡಿಕೊಂಡರು, ಆಮೇಲೆ ನನ್ನನ್ನು.