ಮೂರನೇ ಮಗುವಿಗೆ ಒಂದು ಹಸು

ನಮ್ಮೂರ ಸರಕಾರಿ ಶಾಲೆಯ ಗೋಡೆ ಮೇಲೆ ತಲೆಕೆಳಗಾದ ಒಂದು ಕೆಂಪು ತ್ರಿಕೋನ ಇತ್ತು. ಪಕ್ಕದಲ್ಲಿ ಅಪ್ಪ, ಅಮ್ಮ, ಒಂದು ಗಂಡು, ಒಂದು ಹೆಣ್ಣು. ನಾಲ್ಕೂ ಜನ ಹಲ್ಲು ಬಿಟ್ಟು ನಗುತ್ತಿದ್ದರು. ಕೆಳಗೆ ‘ನಾವಿಬ್ಬರು, ನಮಗಿಬ್ಬರು’. ನಾವು ಹುಡುಗರು ಅದೇ ಗೋಡೆಗೆ ಇದ್ದಿಲಿನಲ್ಲಿ ಸ್ಟಂಪ್ ಬರೆದುಕೊಂಡಿದ್ದೆವು. ಬೌಲ್ಡ್ ಆದರೆ ಚೆಂಡು ಸೀದಾ ಆ ಅಪ್ಪನ ಹೊಟ್ಟೆಗೆ ಬಡಿಯುತ್ತಿತ್ತು. ಆದರೂ ಅವನ ನಗು ನಿಲ್ಲುತ್ತಿರಲಿಲ್ಲ. ಎರಡೇ ಮಕ್ಕಳಿದ್ದರೆ ಮನುಷ್ಯ ಇಷ್ಟು ಸುಖವಾಗಿರುತ್ತಾನೆ ಎಂದು ನಾವು ನಂಬಿಬಿಟ್ಟೆವು.

ಇಡೀ ದಕ್ಷಿಣ ಭಾರತ ನಂಬಿತು. ಈ ವಿಷಯದಲ್ಲಿ ನಮ್ಮದು ಹಳೇ ಮನೆತನ ಬೇರೆ. 1930ರಲ್ಲೇ ಮೈಸೂರು ಸಂಸ್ಥಾನದ ಸರಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ದೇಶ ತನ್ನ ಕುಟುಂಬ ಯೋಜನೆ ಶುರು ಮಾಡಿದ್ದು 1952ರಲ್ಲಿ. ಅಷ್ಟು ಹೊತ್ತಿಗೆ ನಾವು ಇದರಲ್ಲಿ ಸೀನಿಯರ್.

ನಮ್ಮ ಸೋದರತ್ತೆ ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮ ಆಗಿದ್ದರು. ವರ್ಷಕ್ಕೆ ಇಷ್ಟು ‘ಕೇಸು’ ಎಂದು ಟಾರ್ಗೆಟ್. ಮಾರ್ಚ್ ಹತ್ತಿರ ಬಂತೆಂದರೆ ಊರ ಹೆಂಗಸರು ಅತ್ತೆಯನ್ನು ಕಂಡು ಹಿತ್ತಲ ಬಾಗಿಲಿನಿಂದ ಪರಾರಿಯಾಗುತ್ತಿದ್ದರು. ಅತ್ತೆಯೂ ಬಿಡುವವರಲ್ಲ. ಹಿತ್ತಲಲ್ಲೇ ಹೋಗಿ ಕಾಯುತ್ತಿದ್ದರು. ಮಾತಾಡಿಸಿ, ಬೈದು, ಕಾಫಿ ಕುಡಿದು, ಕೊನೆಗೆ ಜೀಪು ಹತ್ತಿಸಿ ಆಪರೇಶನ್ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿದ್ದರು.

ಅತ್ತೆ ಗೆದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಆಂಧ್ರದಲ್ಲೂ ಅಷ್ಟೇ. ಕೇರಳ, ತಮಿಳುನಾಡು 1.8. ಉತ್ತರ ಪ್ರದೇಶ 2.4, ಬಿಹಾರ 3. ಜನಸಂಖ್ಯೆ ಕುಗ್ಗದೆ ನಿಲ್ಲಬೇಕಾದರೆ 2.1 ಬೇಕು. ನಮಗೆ ಕೊರತೆ ಬಿದ್ದಿರುವುದು ಪಾಯಿಂಟ್ ನಾಲ್ಕು ಮಗು. ಅದನ್ನು ಯಾವ ಆಸ್ಪತ್ರೆಯಲ್ಲಿ ಹೆರಿಸುತ್ತಾರೋ ಗೊತ್ತಿಲ್ಲ.

ಆದರೆ ಅತ್ತೆ ಗೆದ್ದಿದ್ದಕ್ಕೆ ಈಗ ದಂಡ ಕಟ್ಟಬೇಕಂತೆ.

ವಿಷಯ ಇಷ್ಟೇ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬುದು ತಲೆ ಎಣಿಸಿ ಹಂಚುವ ಲೆಕ್ಕ. ಮಕ್ಕಳನ್ನು ಕಡಿಮೆ ಮಾಡಿದ ರಾಜ್ಯಕ್ಕೆ ಅನ್ಯಾಯ ಆಗಬಾರದೆಂದು 1976ರಲ್ಲಿ ಈ ಹಂಚಿಕೆಗೆ ಬೀಗ ಹಾಕಿದರು. 1971ರ ಜನಗಣತಿಯೇ ಗತಿ ಎಂದರು. 2002ರಲ್ಲಿ ಬೀಗ ತೆಗೆಯುವ ಹೊತ್ತು ಬಂದಾಗ ಯಾರಿಗೂ ಧೈರ್ಯ ಬರಲಿಲ್ಲ. 2026 ಆದಮೇಲಿನ ಮೊದಲ ಜನಗಣತಿವರೆಗೆ ಇರಲಿ ಎಂದು ಬೀಗದ ಕೈ ಮಕ್ಕಳ ಕೈಗೆ ಕೊಟ್ಟು ಎದ್ದು ಹೋದರು. ಮಕ್ಕಳೇ ಕಡಿಮೆ ಇರುವ ಮನೆಯಲ್ಲಿ!

ಸುಮ್ನೆ ಕುತೂಹಲಕ್ಕೆ ನಾನೂ ಕ್ಯಾಲ್ಕುಲೇಟರ್ ಒತ್ತಿದೆ. ಹಳೇ 2011ರ ಗಣತಿಯನ್ನೇ ಹಿಡಿದು, ಈಗಿರುವ 543 ಸೀಟನ್ನು ತಲೆಗಿಷ್ಟು ಎಂದು ಹಂಚಿದೆ. ಒಂದು ಸೀಟಿಗೆ ಸುಮಾರು 22 ಲಕ್ಷ ಜನ ಬಂದರು. ಕೇರಳ 20ರಿಂದ 15ಕ್ಕೆ ಇಳಿಯಿತು. ತಮಿಳುನಾಡು 39ರಿಂದ 32ಕ್ಕೆ. ಉತ್ತರ ಪ್ರದೇಶ 80ರಿಂದ 90ಕ್ಕೆ ಏರಿತು. ಕರ್ನಾಟಕ 28ರಿಂದ 27. ನಮಗೆ ಒಂದೇ ಸೀಟು ಲಾಸು. ಯಾಕೆ ಒಂದೇ ಎಂಬುದಕ್ಕೆ ಆಮೇಲೆ ಬರುತ್ತೇನೆ, ಅದು ಸ್ವಲ್ಪ ನಾಚಿಕೆಯ ವಿಷಯ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೀಟು ಹಂಚುವಾಗ ಎಣಿಸುವುದು ಜನರನ್ನು, ಮತದಾರರನ್ನಲ್ಲ. ವೋಟು ಹಾಕಬೇಕಾದರೆ 18 ತುಂಬಬೇಕು. ಸೀಟು ಹುಟ್ಟಿಸಬೇಕಾದರೆ ಹುಟ್ಟಿದರೆ ಸಾಕು. ತೊಟ್ಟಿಲಲ್ಲಿ ಮಲಗಿ ಬೆರಳು ಚೀಪುವ ಕೂಸಿಗೂ ಬೂತ್ ಏಜೆಂಟನಷ್ಟೇ ಬೆಲೆ. ಇದು ಹೊಳೆದ ಕೂಡಲೇ ನಮ್ಮ ನಾಯಕರ ಕಣ್ಣು ಬೂತ್ ಬಿಟ್ಟು ಬಾಣಂತಿ ಕೋಣೆಯ ಕಡೆ ತಿರುಗಿತು.

ಮೊದಲು ಚಂದ್ರಬಾಬು ನಾಯ್ಡು. ಆಂಧ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಪಂಚಾಯ್ತಿ ಚುನಾವಣೆಗೆ ನಿಲ್ಲುವ ಹಾಗಿಲ್ಲ ಎಂಬ ಕಾನೂನು ಇತ್ತು. 2024ರ ನವೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟಕ್ಕೇ ಬಿಡಲಿಲ್ಲ. ಇನ್ನು ಮುಂದೆ ಎರಡಕ್ಕಿಂತ ಜಾಸ್ತಿ ಇದ್ದವರೇ ನಿಲ್ಲಬೇಕು ಅನ್ನುವ ಮಾತೂ ಆಡಿದರು. ಮೂವತ್ತು ವರ್ಷ ಎರಡಕ್ಕೇ ನಿಲ್ಲಿಸಿ ಟಿಕೆಟ್‌ಗೆ ಕಾದಿದ್ದವರ ಗತಿ ನೋಡಿ. ಅತ್ತ ದರಿ, ಇತ್ತ ಪುಲಿ, ಮಧ್ಯೆ ಹೆಂಡತಿ.

ಇನ್ನೊಬ್ಬರು ಸ್ಟಾಲಿನ್. ಚೆನ್ನೈನ ಒಂದು ಸಾಮೂಹಿಕ ಮದುವೆಯಲ್ಲಿ, ಸೀಟು ಕಡಿಮೆಯಾಗುವ ಕಾಲ ಬಂದಿರುವಾಗ ಹದಿನಾರು ಮಕ್ಕಳನ್ನೇ ಯಾಕೆ ಹೆರಬಾರದು ಎಂದು ತಮಾಷೆ ಮಾಡಿದರು. ತಮಿಳಿನ ಹಳೇ ಆಶೀರ್ವಾದದಲ್ಲಿ ಹದಿನಾರು ಎಂದರೆ ಹದಿನಾರು ಬಗೆಯ ಸಂಪತ್ತು. ಅವರ ಕೈಯಲ್ಲಿ ಅದು ಹದಿನಾರು ಜೊತೆ ಚಡ್ಡಿ ಆಯಿತು. ನಮ್ಮ ‘ಅಷ್ಟಪುತ್ರ ಸೌಭಾಗ್ಯವತೀ ಭವ’ ಎಂಟಕ್ಕೇ ನಿಂತಿರುವುದು ನೋಡಿದರೆ ಆಶೀರ್ವಾದದಲ್ಲೂ ಕನ್ನಡಿಗರು ಹಿಂದೆ.

ಅತ್ತ ನಾಗಪುರದಲ್ಲಿ ಮೋಹನ್ ಭಾಗವತ್ ಅವರೂ ಎರಡು ಸಾಲದು, ಮೂರು ಬೇಕು ಅಂದರು. ಅವರ ಲೆಕ್ಕ ಬೇರೆ, ಆದರೆ ಉತ್ತರ ಒಂದೇ.

ಈಗ ಸಲಹೆ ಕೊಟ್ಟವರ ಮನೆ ನೋಡೋಣ. ನಾಯ್ಡು ಅವರಿಗೆ ಒಬ್ಬ ಮಗ. ಸ್ಟಾಲಿನ್ ಅವರಿಗೆ ಇಬ್ಬರು ಮಕ್ಕಳು. ಭಾಗವತ್ ಪ್ರಚಾರಕರು, ಮದುವೆಯೇ ಇಲ್ಲ. ಮೂವರಿಗೂ ಸೇರಿ ಮಕ್ಕಳು ಮೂರು. ಸರಾಸರಿ ಒಂದು. ನಮ್ಮ ಅತ್ತೆ ಜೀಪು ಹತ್ತಿಸಿದ ಊರಲ್ಲೂ ಇಷ್ಟು ಒಳ್ಳೇ ರಿಸಲ್ಟ್ ಬಂದಿರಲಿಲ್ಲ.

ಆದರೆ ಎಲ್ಲರನ್ನೂ ಮೀರಿಸಿದ್ದು ವಿಜಯನಗರಂನ ತೆಲುಗುದೇಶಂ ಎಂಪಿ. 2025ರ ಮಹಿಳಾ ದಿನದಂದು ಅವರು ಸ್ಕೀಮ್ ಘೋಷಿಸಿದರು. ಮೂರನೇ ಮಗು ಹೆಣ್ಣಾದರೆ 50 ಸಾವಿರ ರೂಪಾಯಿ. ಗಂಡಾದರೆ ಒಂದು ಹಸು. ದುಡ್ಡು ತನ್ನ ಸಂಬಳದಿಂದಲೇ ಅಂದರು. ಒಳ್ಳೇ ಮನಸ್ಸು, ಬೈಯುವಂತಿಲ್ಲ. ಆದರೆ ಕ್ಯಾಲ್ಕುಲೇಟರ್ ಇನ್ನೂ ನನ್ನ ಕೈಯಲ್ಲೇ ಇತ್ತು.

ಒಂದು ಸೀಟಿಗೆ 22 ಲಕ್ಷ ಜನ ಅಂದೆವಲ್ಲ. ಅಂದರೆ ಒಂದೇ ಒಂದು ಸೀಟು ಜಾಸ್ತಿ ಹುಟ್ಟಿಸಲು 22 ಲಕ್ಷ ಹೊಸ ಮಕ್ಕಳು ಬೇಕು. ಅರ್ಧ ಗಂಡು ಅಂದುಕೊಂಡರೆ 11 ಲಕ್ಷ ಹಸು. ಹುಲ್ಲು, ಹಿಂಡಿ, ಬೂಸಾ ಪ್ರತ್ಯೇಕ. ಉಳಿದ 11 ಲಕ್ಷ ಹೆಣ್ಣು ಮಕ್ಕಳಿಗೆ ತಲಾ 50 ಸಾವಿರದಂತೆ 5,500 ಕೋಟಿ. ಎಂಪಿ ಸಂಬಳ ತಿಂಗಳಿಗೆ 1.24 ಲಕ್ಷ. ಹಸುಗಳನ್ನು ಬಿಟ್ಟು, ಬರೀ ಹೆಣ್ಣು ಮಕ್ಕಳ ಬಾಕಿ ತೀರಿಸಲು ಅವರು ಸುಮಾರು 37 ಸಾವಿರ ವರ್ಷ ಸಂಬಳ ಎಣಿಸಬೇಕು. ಅಷ್ಟು ವರ್ಷ ಸಂಬಳ ಬರಬೇಕಾದರೆ ಏಳು ಸಾವಿರ ಚಿಲ್ಲರೆ ಸಲ ಚುನಾವಣೆ ಗೆಲ್ಲಬೇಕು. ಇದಲ್ಲವೇ ಪಕ್ಷದ ಭವಿಷ್ಯ ಭದ್ರ ಮಾಡುವುದು ಎಂದರೆ!

ದಿಲ್ಲಿಯವರು ಮಾತ್ರ ನಿಶ್ಚಿಂತೆ. ದಕ್ಷಿಣದ ಒಂದು ಸೀಟೂ ಕಡಿಮೆಯಾಗುವುದಿಲ್ಲ, ಎಲ್ಲ ಪ್ರೊ ರೇಟಾ (ಅನುಪಾತದ ಲೆಕ್ಕ) ಎಂದು ಅಮಿತ್ ಶಾ ಕೊಯಮತ್ತೂರಿನಲ್ಲಿ ಹೇಳಿದರು. ಪ್ರೊ ರೇಟಾ ಅಂದರೆ ಈಗಿನ ಸೀಟಿನ ಲೆಕ್ಕವೋ, ತಲೆಯ ಲೆಕ್ಕವೋ ಎಂದು ಕೇಳಿದವರಿಗೆ ಬಿಡಿಸಿ ಹೇಳಲಿಲ್ಲ. ಊಟದ ಪಂಕ್ತಿಯಲ್ಲಿ ನಿಮ್ಮ ಎಲೆಯ ಹೋಳಿಗೆ ಯಾರೂ ಎತ್ತಿಕೊಳ್ಳುವುದಿಲ್ಲ, ಪಕ್ಕದ ಎಲೆಗೆ ಇನ್ನೂ ಹತ್ತು ಬಡಿಸುತ್ತೇವೆ, ಅಷ್ಟೇ ಎಂದ ಹಾಗೆ ನಮಗೆ ಕೇಳಿಸಿದರೆ ಅದು ನಮ್ಮ ಕಿವಿಯ ದೋಷ. 2023ರಲ್ಲಿ ತೆರೆದ ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಜನ ಕೂರಬಹುದು. ಕುರ್ಚಿ ಮೊದಲು ಬಂದಿದೆ. ಕೂರುವವರು ಇನ್ನೂ ತೊಟ್ಟಿಲಲ್ಲಿದ್ದಾರೆ.

ಇನ್ನು ಕರ್ನಾಟಕದ ನಾಚಿಕೆಯ ವಿಷಯ. ಹೆರಿಗೆಯಲ್ಲಿ ನಾವು ಕೇರಳಕ್ಕಿಂತ ಹಿಂದೆ. ಆದರೂ ಲೆಕ್ಕದಲ್ಲಿ ಕೇರಳಕ್ಕೆ ಐದು ಸೀಟು ಹೋದರೆ ನಮಗೆ ಹೋಗುವುದು ಒಂದು. ಒಂದು ಕಾರಣ, ನಾವು ಮಕ್ಕಳನ್ನು ಕಡಿಮೆ ಮಾಡಿದ್ದು ಅವರಿಗಿಂತ ತಡವಾಗಿ. ಇನ್ನೊಂದು ಕಾರಣ ಬೆಂಗಳೂರು. ಜನಗಣತಿಯವರು ನಿಮ್ಮ ಮೂಲ ಊರು ನೋಡಿ ಎಣಿಸುವುದಿಲ್ಲ. ಈಗ ಎಲ್ಲಿ ವಾಸ ಇದ್ದೀರೋ ಅಲ್ಲೇ ಎಣಿಸುತ್ತಾರೆ. ಬಿಹಾರದಿಂದ ಬಂದ ಗಾರೆ ಕೆಲಸದವನು, ಒಡಿಶಾದಿಂದ ಬಂದ ಸೆಕ್ಯೂರಿಟಿಯವನು, ಅಸ್ಸಾಂನಿಂದ ಬಂದ ಹೋಟೆಲ್ ಹುಡುಗ, ಎಲ್ಲರೂ ಲೆಕ್ಕದಲ್ಲಿ ಕರ್ನಾಟಕದವರೇ. ಬೆಳಿಗ್ಗೆ ‘ಹೊರಗಿನವರು ಬಂದು ತುಂಬಿಕೊಂಡರು’ ಎಂದು ಭಾಷಣ ಮಾಡುವ ನಾಯಕರ ಸೀಟು ಉಳಿಸುತ್ತಿರುವುದು ಅದೇ ಹೊರಗಿನವರು. ಭಾಷಣದ ಪೆಂಡಾಲು ಹಾಕುವವರೂ ಅವರೇ, ಅದು ಬೇರೆ ಮಾತು.

ಬೆಂಗಳೂರು ಉತ್ತರ ಕ್ಷೇತ್ರ ಒಂದರಲ್ಲೇ ಮತದಾರರ ಸಂಖ್ಯೆ 30 ಲಕ್ಷ ದಾಟಿದೆ. ಲಕ್ಷದ್ವೀಪದಲ್ಲಿ 60 ಸಾವಿರವೂ ಇಲ್ಲ. ಇಬ್ಬರಿಗೂ ಒಬ್ಬೊಬ್ಬರೇ ಎಂಪಿ. ಅಲ್ಲಿನ ಎಂಪಿ ಮನಸ್ಸು ಮಾಡಿದರೆ ಮತದಾರರ ಹೆಸರನ್ನೆಲ್ಲ ಬಾಯಿಪಾಠ ಮಾಡಬಹುದು. ಇಲ್ಲಿನವರು ಹೆಬ್ಬಾಳದ ಟ್ರಾಫಿಕ್ ದಾಟುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ.

ನಮ್ಮ ರಾಜಕೀಯ ಕುಟುಂಬಗಳ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಧಾರಾಳ. ಸೀಟೇ ಸಾಲುವುದಿಲ್ಲ. 2008ರಲ್ಲಿ ಕ್ಷೇತ್ರಗಳ ಗಡಿ ತಿದ್ದಿದಾಗ ಸಾತನೂರು, ಬನ್ನೂರು, ಹೊಸನಗರದಂಥ ಕ್ಷೇತ್ರಗಳೇ ಭೂಪಟದಿಂದ ಮಾಯವಾದವು. ಅಲ್ಲಿ ಬೇರು ಬಿಟ್ಟಿದ್ದವರು ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಕ್ಷೇತ್ರಕ್ಕೆ ಹೊರಟಿದ್ದು ನಮಗೆಲ್ಲ ನೆನಪಿದೆ. ಆಗ ಯಾರೂ ಜನರಿಗೆ ಮಕ್ಕಳು ಮಾಡಿಕೊಳ್ಳಿ ಎನ್ನಲಿಲ್ಲ. ಬಹುಶಃ ಹೊಳೆದಿರಲಿಲ್ಲ.

ನನ್ನ ಹತ್ತಿರ ಇದಕ್ಕೆಲ್ಲ ಒಂದು ಸುಲಭ ಪರಿಹಾರ ಇದೆ. ಜನಗಣತಿಯ ಕೆಲಸವನ್ನು ಮೇಷ್ಟ್ರುಗಳಿಂದ ಕಿತ್ತು ಜಾತಿ ಸಂಘಗಳ ಅಧ್ಯಕ್ಷರಿಗೆ ಕೊಡಬೇಕು. 2015ರ ಕಾಂತರಾಜ ಆಯೋಗದ ಸಮೀಕ್ಷೆಯ ಅಂಕಿ ಹೊರಬಿದ್ದಾಗ ನೋಡಿದಿರಲ್ಲ. ನಾವು ಇಷ್ಟೇನಾ, ನಾವು ಕೋಟಿ ಇದ್ದೇವೆ ಎಂದು ಒಬ್ಬರು. ನಾವು ಅವರಿಗಿಂತ ಜಾಸ್ತಿ ಎಂದು ಇನ್ನೊಬ್ಬರು. ಸಮಾವೇಶಗಳ ವೇದಿಕೆಯಲ್ಲಿ ಹೇಳಿದ ಸಂಖ್ಯೆಗಳನ್ನೆಲ್ಲ ಕೂಡಿದರೆ ಕರ್ನಾಟಕ ಆರಾಮಾಗಿ ಉತ್ತರ ಪ್ರದೇಶವನ್ನು ಹಿಂದೆ ಹಾಕುತ್ತದೆ. ಬಾಣಂತನ ಇಲ್ಲ, ಹಸು ಇಲ್ಲ, ಒಂದು ಮೈಕು ಸಾಕು.

ಮನೆಯಲ್ಲಿ ತಮ್ಮನ ಹೆಂಡತಿಗೆ ಈ ಹಸುವಿನ ಸ್ಕೀಮ್ ಬಗ್ಗೆ ಹೇಳಿದೆ. ಅವಳಿಗೆ ಒಂದೇ ಮಗು. ಅದರ ಎಲ್‌ಕೆಜಿಗೆ ಒಂದೂವರೆ ಲಕ್ಷ ಫೀಸು, ಶೂ ಬೇರೆ. “ಭಾವ, ಹಸು ಬೇಡ. ಮಗು ನೋಡಿಕೊಳ್ಳೋಕೆ ಯಾರನ್ನಾದರೂ ಕೊಡ್ತಾರಾ ಕೇಳಿ” ಅಂದಳು. ಅತ್ತೆಗೆ ಫೋನ್ ಮಾಡಿದೆ. ನಿವೃತ್ತಿಯಾಗಿ ಕಾಲ ಆಗಿದೆ, ಮಂಡಿನೋವು. ಎಲ್ಲ ಕೇಳಿಸಿಕೊಂಡು, “ನಾನು ಜೀಪು ಹತ್ತಿಸಿದವರನ್ನು ವಾಪಸ್ ಇಳಿಸಬೇಕೇನೋ ಈಗ? ನನ್ನ ಕೈಲಾಗಲ್ಲಪ್ಪ” ಅಂದರು.

ಕೊನೆಗೆ ನನಗೆ ಉಳಿದಿದ್ದು ನಮ್ಮ ಪಕ್ಕದ ಸೈಟಿನ ಮೇಸ್ತ್ರಿ. ಬಿಹಾರದವನು. ನಾಲ್ಕು ವರ್ಷದಿಂದ ಇಲ್ಲೇ ಇದ್ದಾನೆ, ಕನ್ನಡ ಚೆನ್ನಾಗಿಯೇ ಕಲಿತಿದ್ದಾನೆ. ತಲೆ ಎಣಿಸುವ ಗಣತಿಗೆ ನಿಗದಿಯಾದ ದಿನ 2027ರ ಮಾರ್ಚ್ 1. ಅವನಿಗೆ ಟೀ ಕೊಡಿಸಿ ವಿಷಯ ತೆಗೆದೆ.

“ಮೇಸ್ತ್ರಿ, ಆ ಫೆಬ್ರವರಿಯಲ್ಲಿ ಊರಿಗೆ ಹೋಗಬೇಡ.”

“ಯಾಕೆ ಸಾರ್?”

“ಎಣಿಸೋಕೆ ಬರ್ತಾರೆ. ನೀನು ಇಲ್ಲಿದ್ದರೆ ನಮಗೆ ಒಳ್ಳೇದು. ಹೋಳಿ ಹಬ್ಬಕ್ಕೆ ಹೋಗು, ಅದು ಆಮೇಲೆ.”

“ಎಣಿಸ್ಕೊಳ್ಳಿ ಸಾರ್. ಆದ್ರೆ ವೋಟು ಊರಲ್ಲಿದೆ.”

“ವೋಟು ಅಲ್ಲೇ ಇರಲಿ. ತಲೆ ಇಲ್ಲಿರಲಿ ಸಾಕು. ಮಕ್ಕಳೆಷ್ಟು?”

“ನಾಲ್ಕು. ಅಮ್ಮನ ಹತ್ರ ಊರಲ್ಲಿದ್ದಾವೆ.”

ನಾಲ್ಕು! ನನಗೆ ಕೆಂಪು ತ್ರಿಕೋನದ ಅಪ್ಪನ ಮುಖ ನೆನಪಾಯಿತು. “ಅವರನ್ನೂ ಇಲ್ಲಿಗೆ ಕರೆಸಿಬಿಡೋ, ಹೆಂಡತೀನೂ ಬರಲಿ” ಅಂದೆ.

ಮೇಸ್ತ್ರಿ ಟೀ ಲೋಟ ಕೆಳಗಿಟ್ಟ. “ಇಲ್ಲಿ ಸ್ಕೂಲ್ ಫೀಸು ನೀವು ಕಟ್ತೀರಾ ಸಾರ್?”

ಒಂದು ಹಸು ಕೊಡಿಸುತ್ತೇನೆ ಅನ್ನೋಣ ಅಂದುಕೊಂಡೆ. ಅವನ ತಗಡಿನ ಶೆಡ್ಡಿನ ಕಡೆ ನೋಡಿದೆ. ಕಟ್ಟುವುದಕ್ಕೆ ಜಾಗ ಇರಲಿಲ್ಲ.