ಬ್ಯಾಟರಿಯ ಹೊಡೆತ

ಕಾನೂನಿನ ಪುಸ್ತಕವೊಂದರಲ್ಲಿ ‘ಅಸಾಲ್ಟ್ ಮತ್ತು ಬ್ಯಾಟರಿ’ ಎಂಬ ಜೋಡಿಪದವನ್ನು ಮೊದಲ ಸಲ ಕಂಡಾಗ, ಯಾರೋ ಯಾರಿಗೋ ಟಾರ್ಚಿನಿಂದ ಬಾರಿಸಿರಬೇಕು ಎಂದೇ ನಾನು ತಿಳಿದಿದ್ದೆ. ಟಾರ್ಚನ್ನೇ ಬ್ಯಾಟರಿ ಎಂದು ಕರೆದು ಬೆಳೆದವರಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಊಹೆ ತಪ್ಪಾಗಿದ್ದರೂ ಬಾರಿಸುವ ಮಾತು ಮಾತ್ರ ಸುಳ್ಳಾಗಿರಲಿಲ್ಲ. ‘ಹೊಡೆ’ ಎಂಬ ಅರ್ಥದ ಲ್ಯಾಟಿನ್ ಧಾತುವೇ ಫ್ರೆಂಚಿನ ಮೂಲಕ ಹಾದು ಇಂಗ್ಲಿಷಿನಲ್ಲಿ ಬ್ಯಾಟರಿಯಾಗಿದೆ.

ವಿಚಿತ್ರವೆಂದರೆ, ಕಾನೂನಿನ ಬ್ಯಾಟರಿಗೆ ಹೊಡೆತವೇ ಬೇಕಿಲ್ಲ. ಎತ್ತಿದ ಕೈ ಈಗ ಮೈಮೇಲೆ ಬಿದ್ದೀತು ಎಂಬ ಆತಂಕ ಹುಟ್ಟಿಸುವುದು ಅಸಾಲ್ಟ್, ಆ ಕೈ ಬಂದು ತಾಗುವುದು ಬ್ಯಾಟರಿ. ಹಿಂದಿನಿಂದ ಸದ್ದಿಲ್ಲದೆ ಬಂದು ಬಾರಿಸಿದವನದು ಬರಿಯ ಬ್ಯಾಟರಿ. ಕೋಪದಿಂದ ಒಬ್ಬರನ್ನು ತುಸುವೇ ಮುಟ್ಟಿದರೂ ಅದು ಬ್ಯಾಟರಿಯೇ ಎಂದು ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ ಹೋಲ್ಟ್ 1704ರಲ್ಲೇ ಹೇಳಿದ್ದರು. ಜಗಳದ ನಡುವೆ ‘ಮೈ ಮುಟ್ಟಿ ನೋಡು’ ಎಂದು ಸವಾಲು ಹಾಕುವವರಿಗೆ ಈ ಗೆರೆ ಎಲ್ಲಿದೆಯೆಂದು ಯಾವ ವಕೀಲರೂ ಹೇಳಿಕೊಡಬೇಕಾಗಿಲ್ಲ. ಹಾಗೆಂದು ನೂಕುನುಗ್ಗಲಿನಲ್ಲಿ ಭುಜ ತಾಗಿಸಿದವರ ಮೇಲೆಲ್ಲ ದಾವೆ ಹೂಡಲು ಬರುವುದಿಲ್ಲ. ದಿನನಿತ್ಯದ ಒಡನಾಟದಲ್ಲಿ ಅನಿವಾರ್ಯವಾದ ಸ್ಪರ್ಶವನ್ನು ನ್ಯಾಯಾಲಯಗಳು ಹೊರಗಿಟ್ಟಿವೆ.

ಕೋಪವೂ ಬೇಡ, ಒಪ್ಪಿಗೆ ಇಲ್ಲದಿದ್ದರೆ ಸಾಕು ಎಂಬುದಕ್ಕೆ ಅಮೆರಿಕದ ಮಿನ್ನೆಸೋಟ ರಾಜ್ಯದ 1905ರ ತೀರ್ಪೊಂದಿದೆ. ಬಲಗಿವಿಯ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದ ಮಹಿಳೆಗೆ ಅರಿವಳಿಕೆ ಕೊಟ್ಟ ಮೇಲೆ, ಎಡಗಿವಿಯೇ ಹೆಚ್ಚು ಕೆಟ್ಟಿರುವುದನ್ನು ಕಂಡ ವೈದ್ಯರು ಅದನ್ನೇ ಕೊಯ್ದರು, ಅದೂ ನುರಿತ ಕೈಯಿಂದ. ಕೈಗುಣ ಎಷ್ಟೇ ಚೆನ್ನಾಗಿದ್ದರೂ ಕೇಳದೆ ಮುಟ್ಟಿದ್ದು ಬ್ಯಾಟರಿ ಎಂದಿತು ನ್ಯಾಯಾಲಯ. ಇದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ಟೆಕ್ಸಾಸಿನ 1967ರ ತೀರ್ಪು. ಊಟದ ಸಾಲಿನಲ್ಲಿ ನಿಂತಿದ್ದ ಕಪ್ಪು ವರ್ಣೀಯರೊಬ್ಬರ ಕೈಯಿಂದ ತಟ್ಟೆಯನ್ನು ಕಿತ್ತುಕೊಂಡು, ಅವರಿಗೆ ಅಲ್ಲಿ ಊಟವಿಲ್ಲವೆಂದು ಕೂಗಲಾಯಿತು. ಕಿತ್ತವನ ಬೆರಳು ಅವರ ಮೈಗೆ ಸೋಕಿರಲಿಲ್ಲ. ಆದರೂ ಹಿಡಿದ ತಟ್ಟೆ ಹಿಡಿದವರ ಮೈಗೆ ಸೇರಿದ್ದೆಂದು ನ್ಯಾಯಾಲಯ ತಿಳಿಯಿತು. ಮೈ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗೆ ಇಷ್ಟು ಉದಾರವಾದ ಉತ್ತರವನ್ನು ವೈದ್ಯಶಾಸ್ತ್ರ ಕೊಡಲಾರದು.

ಇನ್ನು ನಮ್ಮ ಟಾರ್ಚಿನ ಬ್ಯಾಟರಿ ಬಂದದ್ದು ರಣರಂಗದ ದಾರಿಯಿಂದ. ಕೋಟೆಗೋಡೆಯನ್ನು ಬಡಿಯುವ ಫಿರಂಗಿಗಳ ಸಾಲಿಗೆ ಬ್ಯಾಟರಿ ಎಂಬ ಹೆಸರಿತ್ತು. ಬೆಂಜಮಿನ್ ಫ್ರಾಂಕ್ಲಿನ್ 1749ರಲ್ಲಿ, ವಿದ್ಯುತ್ತನ್ನು ಕೂಡಿಡಲು ತಾವು ಸಾಲಾಗಿ ಜೋಡಿಸಿದ 11 ಗಾಜಿನ ಫಲಕಗಳಿಗೆ ಅದೇ ಹೆಸರಿಟ್ಟರು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನೂ ಹಿಡಿಯುವವನೂ ಸೇರಿ ಬ್ಯಾಟರಿಯಾಗುವುದು ಹೇಗೆಂದು ಆ ಆಟದವರನ್ನೇ ಕೇಳಬೇಕು. ಕನ್ನಡದಲ್ಲಂತೂ ಕರೆಂಟು ‘ಹೊಡೆಯುತ್ತದೆ’, ಹೀಗಾಗಿ ಪದ ತನ್ನ ತವರಿಗೇ ಮರಳಿದಂತಿದೆ. 1750ರ ಡಿಸೆಂಬರಿನಲ್ಲಿ ಟರ್ಕಿ ಕೋಳಿಯೊಂದನ್ನು ವಿದ್ಯುತ್ತಿನಿಂದ ಕೊಲ್ಲಲು ಹೊರಟ ಫ್ರಾಂಕ್ಲಿನ್, ಎರಡು ದೊಡ್ಡ ಜಾಡಿಗಳಲ್ಲಿ ತುಂಬಿಟ್ಟಿದ್ದ ಆಘಾತವನ್ನು ಕೈತಪ್ಪಿ ತಾವೇ ತಿಂದು ಎಚ್ಚರ ಕಳೆದುಕೊಂಡರು. ಮುಟ್ಟಿದ ಕೈ ಅವರದೇ, ಬೇಕೆಂದು ಮುಟ್ಟಿದ್ದೂ ಅಲ್ಲ. ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ಅಲ್ಲಿ ಬ್ಯಾಟರಿಯೇ ನಡೆದಿರಲಿಲ್ಲ.